ಸುಳ್ಳಿಗೂ ಒಂದು ಪುಟ ಬೇಕೇ?



ಏನಾದರೂ ತಿಳಿಯಬೇಕಾದರೆ ನಮ್ಮ ಮನೆಯ ಮಕ್ಕಳು ಈಗ ಮೊದಲು ಹಿಡಿಯುವುದು ಫೋನನ್ನು. ಅದರಲ್ಲಿ ಹೆಚ್ಚಾಗಿ ಎದುರಾಗುವುದು ವಿಕಿಪೀಡಿಯ ಎಂಬ ವಿಶ್ವಕೋಶ. 2001ರಲ್ಲಿ ಇಂಗ್ಲಿಷಿನಲ್ಲಿ ಶುರುವಾದ ಇದು 2003ರಲ್ಲಿ ಕನ್ನಡಕ್ಕೂ ತಮಿಳಿಗೂ ಬಂತು. ಇದನ್ನು ಬರೆಯುವವರು ಸಂಬಳದ ಪಂಡಿತರಲ್ಲ. ನಮ್ಮ ನಿಮ್ಮಂಥವರೇ ಬಿಡುವಿನ ವೇಳೆಯಲ್ಲಿ ಬರೆಯುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಒಂದು ಪುಟ ಇರಬೇಕೋ ಬೇಡವೋ ಎಂಬ ಸಂಶಯ ಬಂದರೆ ಚರ್ಚೆಗೆ ಇಡುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಂಥ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಅಲ್ಲಿ ಕೈ ಎತ್ತಿಸಿ ತಲೆ ಎಣಿಸುವುದಿಲ್ಲ. ಯಾರು ಕೊಟ್ಟ ಕಾರಣ ಗಟ್ಟಿಯಾಗಿದೆ ಎಂದು ನೋಡಿ ತೀರ್ಮಾನಿಸುತ್ತಾರೆ.

ಇಂಥ ಚರ್ಚೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತುತ್ತದೆ. ಒಂದು ಸುದ್ದಿ ಪತ್ರಿಕೆ, ಟಿ.ವಿ., ಫೋನು ಎಲ್ಲದರಲ್ಲೂ ಓಡಾಡಿತು, ಜನ ನಂಬಿದರು, ಕೊನೆಗೆ ಅದು ಯಾರೋ ಕಟ್ಟಿದ ಸುಳ್ಳೆಂದು ತಿಳಿಯಿತು. ಆ ಸುಳ್ಳಿಗೆ ವಿಶ್ವಕೋಶದಲ್ಲಿ ಜಾಗ ಕೊಡಬೇಕೇ, ಅಳಿಸಿಬಿಡಬೇಕೇ? ನಮ್ಮ ಯುವಜನರ ಕೂಟದಲ್ಲಿ ಈ ಮಾತು ಬಂದಾಗ ನಾವು ಎರಡು ಪಕ್ಷವಾದೆವು. "ಸುಳ್ಳನ್ನು ಬರೆದಿಟ್ಟರೆ ಅದಕ್ಕೆ ಮರ್ಯಾದೆ ಕೊಟ್ಟಂತೆ" ಎಂದರು ಕೆಲವರು. "ಬರೆಯದೆ ಬಿಟ್ಟರೆ ನಾಳೆ ಅದೇ ಸುಳ್ಳು ಹೊಸ ಬಟ್ಟೆ ತೊಟ್ಟು ಬರುತ್ತದೆ" ಎಂದರು ಇನ್ನು ಕೆಲವರು. ಎರಡು ಮಾತಿನಲ್ಲೂ ಸತ್ಯವಿದೆ. ಆದ್ದರಿಂದಲೇ ಇದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಇದು ಕಂಪ್ಯೂಟರ್ ಓದಿದವರ ತಲೆನೋವು ಮಾತ್ರ ಎಂದು ಯಾರೂ ತಿಳಿಯಬಾರದು. ನಮ್ಮ ತಮಿಳುನಾಡಿನಲ್ಲೇ ಒಂದು ಸುಳ್ಳು ಜೀವ ತೆಗೆದಿದೆ. 2018ರ ಬೇಸಿಗೆಯಲ್ಲಿ, ಮಕ್ಕಳನ್ನು ಕದಿಯುವವರು ಬಂದಿದ್ದಾರೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ತಮಿಳು, ಕನ್ನಡ, ತೆಲುಗು ಮೂರು ಭಾಷೆಯಲ್ಲೂ ಹರಿದಾಡಿತು. ಪಾಲಮಲೆಯ ಸುತ್ತಿನ ನಮ್ಮ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಎರಡು ಮೂರು ಭಾಷೆ ಬಲ್ಲವರಿಗೆ ಇಲ್ಲೊಂದು ಅಪಾಯವಿದೆ: ಒಂದೇ ಸುಳ್ಳು ಮೂರು ಭಾಷೆಯಲ್ಲಿ ಬಂದರೆ ನಮಗೆ ಅದು ಮೂರು ಸಾಕ್ಷಿಗಳು ಹೇಳಿದಂತೆ ಕೇಳಿಸುತ್ತದೆ.

ಆ ವರ್ಷ ಮೇ 9ರಂದು ತಿರುವಣ್ಣಾಮಲೈ ಜಿಲ್ಲೆಯ ಪೋಳೂರು ಬಳಿಯ ಅತ್ತಿಮೂರಿಗೆ ಒಂದು ಕುಟುಂಬ ಕಾರಿನಲ್ಲಿ ಬಂತು. ಕುಲದೇವರ ಗುಡಿಗೆ ಹೊರಟವರು ದಾರಿ ಕೇಳಲು ನಿಂತರು. ಅಲ್ಲಿದ್ದ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅಷ್ಟೇ ಸಾಕಾಯಿತು. ಜನ ಸೇರಿ ಹೊಡೆದರು. ವಯಸ್ಸಾದ ಹೆಂಗಸೊಬ್ಬರು ಸತ್ತರು. ಅದೇ ತಿಂಗಳ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಇದೇ ಸಂಶಯಕ್ಕೆ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಜೊತೆಗಾರರೂ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಮಕ್ಕಳ ಮೇಲಿನ ಅಕ್ಕರೆಯೇ ಆ ದಿನಗಳಲ್ಲಿ ಕಳ್ಳತನದ ಗುರುತಾಗಿ ಕಂಡಿತು.

ಆಗ ಓಡಾಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ಯಾವ ತಾಯಿಗಾದರೂ ಎದೆ ಝಲ್ಲೆನ್ನಬೇಕು. ನಿಜಕ್ಕೂ ಅದು ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಾಡಿಸಿದ ಜಾಗೃತಿಯ ಚಿತ್ರ. ಮೂಲದಲ್ಲಿ ಆ ಇಬ್ಬರು ತಿರುಗಿ ಬಂದು ಮಗುವನ್ನು ಇಳಿಸಿ, ಮಕ್ಕಳ ಮೇಲೆ ಕಣ್ಣಿಡಿ ಎಂಬ ಅರ್ಥದ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮಕ್ಕಳನ್ನು ಕಾಯಲು ಮಾಡಿದ್ದು ಕತ್ತರಿ ಬಿದ್ದ ಮೇಲೆ ಕೊಲ್ಲುವ ಆಯುಧವಾಯಿತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ ಇರಬೇಕು.

ಈಗ ಪ್ರಶ್ನೆಗೆ ಬರೋಣ. ಈ ಸುಳ್ಳಿಗೆ ಪುಟ ಬೇಕೇ? ಬೇಡ ಎನ್ನುವವರ ಮಾತನ್ನು ಮೊದಲು ಕೇಳೋಣ. ಅದು ಹಗುರವಾದ ಮಾತಲ್ಲ. ಸುಳ್ಳನ್ನು ಅಲ್ಲಗಳೆಯಬೇಕಾದರೂ ಅದನ್ನು ಒಮ್ಮೆ ಹೇಳಲೇಬೇಕು. ಓದುವವರಲ್ಲಿ ಕೆಲವರು ಸುಳ್ಳನ್ನು ನೆನಪಿಟ್ಟುಕೊಂಡು 'ಅಲ್ಲ' ಎಂಬ ಪದವನ್ನು ಮರೆಯುತ್ತಾರೆ. "ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ" ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಇನ್ನು ಸುಳ್ಳು ಕಟ್ಟಿದವನಿಗೆ ಹೆಸರು ಬೇಕಿದ್ದರೆ ಪುಟವೇ ಅವನ ಬಹುಮಾನವಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಸತ್ತವರ ಮನೆಯವರ ನೋವು. ಊರಿನ ಹೆಸರು ಹುಡುಕಿದಾಗಲೆಲ್ಲ ತಮ್ಮ ತಾಯಿಯ ಸಾವೇ ಮೊದಲು ಕಾಣಬೇಕೆಂದು ಯಾವ ಮಗ ಬಯಸುತ್ತಾನೆ? ಅತ್ತಿಮೂರಿನ ಜನರಲ್ಲೂ ಆ ದಿನ ಕೈ ಎತ್ತದವರಿದ್ದರು; ಅವರ ಊರಿಗೂ ಆ ಕಲೆ ಅಂಟಿಕೊಳ್ಳುತ್ತದೆ.

ಇಷ್ಟಾದರೂ ಅಳಿಸಿದರೆ ಸುಳ್ಳು ಹೋಗುತ್ತದೆಯೇ? ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿದು ನೀರು ತುಂಬಿದಾಗ ಹಲವು ಊರುಗಳು ಮುಳುಗಿದವು. ಇಂದಿಗೂ ನೀರು ತೀರ ಇಳಿದ ವರ್ಷ ಪಣ್ಣವಾಡಿಯ ಬಳಿ ಹಳೆಯ ಕ್ರೈಸ್ತ ದೇವಾಲಯದ ಗೋಪುರ, ಜಲಕಂಠೇಶ್ವರ ಗುಡಿಯ ನಂದಿ ಮೇಲೆ ಕಾಣುತ್ತವೆ. ಕಣ್ಣಿಗೆ ಕಾಣದ್ದು ಇಲ್ಲವಾಗಿದೆ ಎಂದು ಅರ್ಥವಲ್ಲ. ಮಕ್ಕಳ ಕಳ್ಳರ ಸುದ್ದಿಯೂ ಹಾಗೆ. 2018ಕ್ಕಿಂತ ಮೊದಲೂ ಇತ್ತು, ಆಮೇಲೂ ಬೇರೆ ಬೇರೆ ರಾಜ್ಯಗಳಲ್ಲಿ ಎದ್ದಿದೆ. ಅದು ಮತ್ತೆ ಎದ್ದ ದಿನ, ಈ ವಿಡಿಯೊ ಹಳೆಯದು, ಮೂಲ ಇಂಥದ್ದು, ಹಿಂದೆ ಇದರಿಂದ ಇಂಥ ಅನಾಹುತವಾಯಿತು ಎಂದು ತೋರಿಸಲು ಒಂದು ಪುಟ ಇದ್ದರೆ ಒಬ್ಬನಾದರೂ ಕೋಲು ಕೆಳಗಿಡಬಹುದು.

ಶುಭಸಂದೇಶಕಾರ ಸಂತ ಮತ್ತಾಯರ ಮುಂದೆಯೂ ಇದೇ ಪ್ರಶ್ನೆ ಇತ್ತೆಂದು ನಮಗೆ ತೋರುತ್ತದೆ. ಅವರ 28ನೇ ಅಧ್ಯಾಯದಲ್ಲಿ ಸಮಾಧಿಯ ಕಾವಲುಗಾರರ ಸಂಗತಿ ಬರುತ್ತದೆ. ನಾವು ಮಲಗಿದ್ದಾಗ ಶಿಷ್ಯರು ಬಂದು ದೇಹವನ್ನು ಕದ್ದರು ಎಂದು ಹೇಳಲು ಅವರಿಗೆ ಹಣ ಕೊಡಲಾಯಿತು. ಆ ಕಥೆ ತಾವು ಬರೆಯುವ ದಿನದವರೆಗೂ ಓಡಾಡುತ್ತಿದೆ ಎಂದು ಮತ್ತಾಯರು ಹೇಳುತ್ತಾರೆ. ಮಾರ್ಕ, ಲೂಕ, ಯೊವಾನ್ನರು ಇದನ್ನು ಬರೆಯಲಿಲ್ಲ. ಅವರು ಬಿಟ್ಟದ್ದು ತಪ್ಪಲ್ಲ. ಮತ್ತಾಯರು ಬರೆದ ರೀತಿಯನ್ನು ಮಾತ್ರ ಗಮನಿಸಿ. ಸುಳ್ಳನ್ನು ಒಂಟಿಯಾಗಿ ಬಿಡಲಿಲ್ಲ. ಹಣ ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಅಧಿಕಾರಿಯ ಭಯಕ್ಕೆ ಏನು ಏರ್ಪಾಟಾಯಿತು, ಎಲ್ಲವನ್ನೂ ಜೊತೆಗೇ ಕಟ್ಟಿಕೊಟ್ಟರು. ನಿದ್ದೆ ಮಾಡುತ್ತಿದ್ದವನು ಕಳ್ಳ ಯಾರೆಂದು ಕಂಡದ್ದು ಹೇಗೆ ಎಂಬ ಪ್ರಶ್ನೆ ಓದುವವನಲ್ಲಿ ತಾನೇ ಹುಟ್ಟುತ್ತದೆ.

ಧರ್ಮಸಭೆಯ ಚರಿತ್ರೆಯಲ್ಲೇ ಇನ್ನೊಂದಿದೆ. ಫ್ರಾನ್ಸಿನ ಲಿಯೋ ತಾಕ್ಸಿಲ್ ಎಂಬ ಬರಹಗಾರ 1885ರಲ್ಲಿ ತಾನು ಕಥೋಲಿಕ ವಿಶ್ವಾಸಕ್ಕೆ ಮರಳಿದೆನೆಂದು ನಟಿಸಿ, ಫ್ರೀಮೇಸನ್ನರು ಸೈತಾನನ ಆರಾಧಕರೆಂದು ಪುಸ್ತಕಗಳನ್ನೇ ಹೊರಡಿಸಿದ. 1887ರಲ್ಲಿ ಜಗದ್ಗುರು 13ನೇ ಲಿಯೋ ಅವರ ದರ್ಶನವೂ ಸಿಕ್ಕಿತು. ಆಮೇಲೆ ಡಯಾನಾ ವಾನ್ ಎಂಬ, ಸೈತಾನನ ಕೈಯಿಂದ ತಪ್ಪಿಸಿಕೊಂಡು ಬಂದ ಹೆಣ್ಣಿನ ಕಥೆ ಕಟ್ಟಿದ. ಲಿಸ್ಯೂ ಮಠದಲ್ಲಿದ್ದ ನಮ್ಮ ಪುಟ್ಟ ಸಂತ ತೆರೇಸಮ್ಮ ಅದನ್ನು ನಂಬಿ, ಆ 'ಹೆಣ್ಣಿಗೆ' ಪತ್ರ ಬರೆದು ತಮ್ಮ ಚಿತ್ರ ಕಳಿಸಿದರು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಸಭೆಯಲ್ಲಿ ತಾಕ್ಸಿಲ್ ಎಲ್ಲವೂ ತನ್ನ ತಮಾಷೆ ಎಂದು ಸಾರಿದ. ಅಲ್ಲಿ ತೆರೇಸಮ್ಮನವರ ಚಿತ್ರವನ್ನೂ ಪರದೆಯ ಮೇಲೆ ತೋರಿಸಿದ. ಅವರ ಮರಣಕ್ಕೆ ಆಗ ಐದೇ ತಿಂಗಳು ಉಳಿದಿತ್ತು.

ಇದನ್ನು ಮುಚ್ಚಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಮುಚ್ಚಿಡಲಿಲ್ಲ, ಸಂತರ ಜೀವನಚರಿತ್ರೆಗಳಲ್ಲೇ ಈ ಸಂಗತಿ ಇದೆ. ಅದರಿಂದ ನಮಗೆ ಒಂದು ದೊಡ್ಡ ಉಪಕಾರವಾಗಿದೆ. ಸುಳ್ಳನ್ನು ನಂಬುವವರು ದಡ್ಡರು, ಕೆಟ್ಟವರು ಎಂದು ನಾವು ಇನ್ನು ಹೇಳುವಂತಿಲ್ಲ. ಒಳ್ಳೆಯ ಮನಸ್ಸೂ ಮೋಸ ಹೋಗುತ್ತದೆ. ಹಾಗೆಯೇ, ನಮಗೆ ಇಷ್ಟವಿಲ್ಲದವರ ಮೇಲೆ ಕಟ್ಟಿದ ಸುಳ್ಳನ್ನು ನಾವು ಎಷ್ಟು ಬೇಗ ನಂಬುತ್ತೇವೆ ಎಂಬುದನ್ನೂ ತಾಕ್ಸಿಲ್‌ನ ಕಥೆ ಹೇಳುತ್ತದೆ. ಆಗ ಫ್ರೀಮೇಸನ್ನರು, 2018ರಲ್ಲಿ ಊರಿಗೆ ಹೊಸಬರು.

ಹಾಗಾದರೆ ಎಲ್ಲ ಸುಳ್ಳಿಗೂ ಪುಟ ಕೊಡೋಣವೇ? ಇಲ್ಲ. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟು ಬಂದಾಗ ಅದರೊಳಗೆ ನ್ಯಾನೋ ಚಿಪ್ ಇದೆ, ನೆಲದಡಿ ಹೂತರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂದು ಟಿ.ವಿ. ಚಾನೆಲ್‌ಗಳೇ ಹೇಳಿದವು. ಭೌತಶಾಸ್ತ್ರ ಸ್ವಲ್ಪ ಓದಿದವರಿಗೂ ಅದು ಆಗದ ಮಾತು. ಬ್ಯಾಟರಿಯೇ ಇಲ್ಲದ ಕಾಗದದ ಚೂರು ಉಪಗ್ರಹದವರೆಗೆ ಸಂಕೇತ ಕಳಿಸುವುದು ಹೇಗೆ? ಜನ ನಕ್ಕು ಸುಮ್ಮನಾದರು. 2023ರ ಮೇ ತಿಂಗಳಲ್ಲಿ ಆ ನೋಟನ್ನೇ ಹಿಂತೆಗೆದುಕೊಳ್ಳುವುದಾಗಿ ರಿಸರ್ವ್ ಬ್ಯಾಂಕ್ ತಿಳಿಸಿತು. ನೋಟಿನ ಪುಟದಲ್ಲಿ ಈ ಸುಳ್ಳಿಗೆ ಎರಡು ಸಾಲು ಸಾಕು. ಪುಟ ಕೊಡುವುದು, ಅಳಿಸುವುದು ಎಂಬ ಎರಡರ ನಡುವೆ ಹೀಗೆ ಅಳತೆಗೆ ತಕ್ಕ ಜಾಗ ಎಂಬ ಮೂರನೆಯ ದಾರಿಯೂ ಇದೆ.

ಅವಸರವೂ ಸಲ್ಲದು. 2023ರ ಮಾರ್ಚ್ ಆರಂಭದಲ್ಲಿ ತಮಿಳುನಾಡಿನಲ್ಲಿ ಬಿಹಾರಿ ಕೂಲಿಗಳನ್ನು ಹುಡುಕಿ ಹೊಡೆಯುತ್ತಿದ್ದಾರೆ ಎಂಬ ಸುದ್ದಿ ಎದ್ದಿತು. ವಿಡಿಯೊಗಳ ಜೊತೆಗೆ ಉತ್ತರದ ಕೆಲವು ಪತ್ರಿಕೆಗಳೂ ಅದನ್ನು ಹಬ್ಬಿಸಿದವು. ತಿರುಪ್ಪೂರು, ಕೊಯಮತ್ತೂರಿನ ಕಾರ್ಮಿಕರು ಹೆದರಿದರು. ಬಿಹಾರ ಸರ್ಕಾರ ಅಧಿಕಾರಿಗಳ ತಂಡವನ್ನೇ ಕಳಿಸಿ ವಿಚಾರಿಸಿತು. ವಿಡಿಯೊಗಳು ಬೇರೆ ಕಡೆಯ ಬೇರೆ ಘಟನೆಗಳವು ಎಂದು ತಿಳಿಯಿತು. ಪೊಲೀಸರು ಮೊಕದ್ದಮೆ ಹೂಡಿದರು. ಆ ಮೊದಲ ಎರಡು ದಿನ ಯಾರಾದರೂ ಅಚ್ಚಾದದ್ದನ್ನೇ ನಂಬಿ ವಿಶ್ವಕೋಶದಲ್ಲಿ ಬರೆದಿದ್ದರೆ ಅಲ್ಲಿ ಸುಳ್ಳೇ ಚರಿತ್ರೆಯಾಗುತ್ತಿತ್ತು. ವಿಶ್ವಕೋಶ ದಿನಪತ್ರಿಕೆಯಲ್ಲ ಎಂಬ ನಿಯಮ ವಿಕಿಪೀಡಿಯದಲ್ಲಿರುವುದು ಇದಕ್ಕೇ. ಹೊಗೆ ಅಡಗಿದ ಮೇಲೆ ಬರೆಯಬೇಕು.

ವಿಕಿಪೀಡಿಯದ ಇನ್ನೊಂದು ನಿಯಮ ನಮ್ಮಂಥವರಿಗೆ ಸ್ವಲ್ಪ ಕಹಿ. ಒಂದು ವಿಷಯಕ್ಕೆ ಸ್ವಂತ ಪುಟ ಬೇಕಾದರೆ ಅದರ ಬಗ್ಗೆ ನಂಬಲರ್ಹವಾದ, ಸ್ವತಂತ್ರವಾದ ಮೂಲಗಳಲ್ಲಿ ವಿವರವಾಗಿ ಬರೆದಿರಬೇಕು. ಈ ಕಟ್ಟುನಿಟ್ಟು ಯಾಕೆ ಬೇಕೆಂದು ತಿಳಿಯಲು ಗೋವಾದ ಬಿಚೋಲಿಮ್ ಹೆಸರಿನ ಕಥೆ ನೋಡಿ. 1640ರ ಸುಮಾರಿಗೆ ಪೋರ್ಚುಗೀಸರಿಗೂ ಮರಾಠರಿಗೂ ಅಲ್ಲಿ ಯುದ್ಧವಾಯಿತೆಂದು ಯಾರೋ 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ದೊಡ್ಡ ಲೇಖನ ಬರೆದರು. ಒಳ್ಳೆಯ ಲೇಖನವೆಂಬ ಗುರುತೂ ಸಿಕ್ಕಿತು. ಅಂಥ ಯುದ್ಧ ನಡೆದೇ ಇರಲಿಲ್ಲ; ಹೆಸರಿಸಿದ ಪುಸ್ತಕಗಳೂ ಇರಲಿಲ್ಲ. ಪತ್ತೆಯಾಗಿ ಅಳಿಸಿದ್ದು 2012ರ ಕೊನೆಯಲ್ಲಿ, ಐದು ವರ್ಷ ಕಳೆದ ಮೇಲೆ. ತನ್ನೊಳಗೆ ನುಸುಳಿದ ಇಂಥ ಸುಳ್ಳುಗಳ ಪಟ್ಟಿಯನ್ನು ವಿಕಿಪೀಡಿಯ ಇಂದಿಗೂ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಪುಟ ಹೋಯಿತು, ದಾಖಲೆ ಉಳಿಯಿತು. ನಮಗೆ ಇದು ಸರಿಯಾದ ನಡೆ ಎನ್ನಿಸುತ್ತದೆ.

ಈ ನಿಯಮ ಒಪ್ಪಿದರೂ ಒಂದು ನೋವು ಉಳಿಯುತ್ತದೆ. ವರದಿಗಾರರು ಬರುವ ಊರಿನ ಸಂಕಟಕ್ಕೆ ಮೂಲಗಳಿವೆ. ಬೆಟ್ಟದ ಮೇಲಿನ ಹತ್ತು ಮನೆಗೆ ಇಲ್ಲ. ಸಂತೆಗೆ ಬಂದ ಪರಊರಿನ ವ್ಯಾಪಾರಿಯನ್ನು ಸುಳ್ಳು ಸಂಶಯದಿಂದ ಓಡಿಸಿದರೆ, ಒಂದು ಮನೆಯ ಹೆಣ್ಣುಮಗಳ ಮೇಲೆ ಇಲ್ಲದ ಮಾತು ಹಬ್ಬಿದರೆ, ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ತಮಿಳರ ನಡುವೆ ಕನ್ನಡಿಗರು, ಕನ್ನಡಿಗರ ನಡುವೆ ಕಥೋಲಿಕರು ಆಗಿರುವ ನಮ್ಮ ಸಂಗತಿಗಳಿಗೆ ಎರಡು ಪಟ್ಟು ಕತ್ತಲೆ. ವಿಶ್ವಕೋಶ ನಮ್ಮನ್ನು ಬಿಟ್ಟರೆ ಅದರ ಮೇಲೆ ಸಿಟ್ಟಾಗುವುದು ಸರಿಯಲ್ಲ. ಬಿಚೋಲಿಮ್ ನೆನಪಿದ್ದರೆ, ಸಾಕ್ಷಿ ಇಲ್ಲದೆ ನಮಗೊಂದು ಬಾಗಿಲು ತೆರೆಯಿರಿ ಎಂದು ಕೇಳಲಾರೆವು. ಆ ಬಾಗಿಲಿನಿಂದ ಮೊದಲು ನುಗ್ಗುವುದು ಸುಳ್ಳೇ.

ಇಷ್ಟು ಮಾತಾಡಿದ ಮೇಲೆ ನಾವು ಒಪ್ಪಿಕೊಂಡ ತೀರ್ಮಾನ ಇದು. ಸುಳ್ಳು ಎಷ್ಟು ಫೋನಿಗೆ ಹೋಯಿತು ಎಂಬುದಕ್ಕಿಂತ ಅದು ಯಾರ ಮೇಲೆ ಬಿತ್ತು, ಅದರಿಂದ ಏನು ಬದಲಾಯಿತು ಎಂಬುದೇ ಅಳತೆ. 2018ರ ಸುಳ್ಳು ಜೀವಗಳನ್ನು ತೆಗೆಯಿತು. ಅದರಿಂದಾಗಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕಿತು. ಅದೇ ಜುಲೈ 17ರಂದು ಸುಪ್ರೀಂ ಕೋರ್ಟ್ ಗುಂಪು ಹಿಂಸೆ ತಡೆಯಲು ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿತು. ಅದಕ್ಕೆ ಪುಟ ಬೇಕು, ಇಂಗ್ಲಿಷಿನಲ್ಲಿ ಇದೆ. ಆದರೆ ಆ ಪುಟದ ಮೊದಲ ಸಾಲಿನಲ್ಲೇ 'ಇದು ಸುಳ್ಳು' ಎಂದಿರಬೇಕು. ಸುಳ್ಳನ್ನು ಹೇಗೆ ಕತ್ತರಿಸಿ ಹೊಲಿದರು ಎಂಬುದನ್ನು ಬಿಡಿಸಿ ತೋರಿಸಬೇಕು. ಸತ್ತವರ ಮನೆಯವರ ಗುಟ್ಟು ಕೆದಕಬಾರದು. ನಂಬಿ ಮೋಸ ಹೋದವರನ್ನು ಹಂಗಿಸಬಾರದು. ಸುಳ್ಳು ಕಟ್ಟಿದವನಿಗೆ ಹೆಸರು ಮಾಡಿಕೊಡುವುದಷ್ಟೇ ಪುಟದಿಂದ ಆಗುವುದಾದರೆ, ಆ ಪುಟ ಬೇಡ.

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೇ ಆಜ್ಞೆಯನ್ನು ನಾವು ಚಿಕ್ಕಂದಿನಿಂದ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಸಾಮಾನ್ಯವಾಗಿ ಅದನ್ನು ಬಾಯಿ ಮುಚ್ಚಿಕೊಳ್ಳುವ ಆಜ್ಞೆಯೆಂದೇ ತಿಳಿಯುತ್ತೇವೆ. ಅದರ ಇನ್ನೊಂದು ಮುಖ ಬಾಯಿ ತೆರೆಯುವುದು. ನೆರೆಯವನ ಮೇಲೆ ಸುಳ್ಳು ಬಿದ್ದಾಗ, 'ಅದು ನಿಜವಲ್ಲ, ನಾವು ವಿಚಾರಿಸಿದೆವು' ಎಂದು ಹೇಳುವವರೂ ಸಾಕ್ಷಿಗಳೇ. ಅಂಥ ಸಾಕ್ಷಿಯನ್ನು ಬರೆದಿಡುವುದು ಆ ನೆರೆಯವನಿಗೆ ಮಾಡುವ ಸೇವೆ.

ಆದ್ದರಿಂದ ನಮ್ಮದೊಂದು ಸಣ್ಣ ಕೋರಿಕೆ. ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನದ, ಮದುವೆಯ, ಮರಣದ ದಾಖಲೆ ಪುಸ್ತಕಗಳಿವೆ. ತಾರೀಖು, ಸಾಕ್ಷಿಗಳ ಸಹಿ, ಅಷ್ಟೇ. ಆದರೂ ನೂರು ವರ್ಷದ ಮೇಲೆ ಅದೇ ಆಧಾರ. ಅದೇ ಶಿಸ್ತಿನಲ್ಲಿ ಯುವಜನರು ಒಂದು ನೋಟ್‌ಬುಕ್ ಇಡಬಹುದು. ನಮ್ಮ ಊರುಗಳಲ್ಲಿ ಹಬ್ಬಿದ ಸುಳ್ಳು ಯಾವುದು, ಯಾವ ದಿನ, ಸುಳ್ಳೆಂದು ತಿಳಿದದ್ದು ಹೇಗೆ, ಯಾರನ್ನು ವಿಚಾರಿಸಿದೆವು ಎಂದು ಬರೆಯೋಣ. ನೊಂದವರ ಹೆಸರು ಬೇಡ. ಫೋನಿನಲ್ಲಿ ಏನಾದರೂ ಬಂದಾಗ ಹಿರಿಯರು ನಮ್ಮನ್ನು ಕೇಳಿ. ತಮಿಳಿನದ್ದನ್ನೂ ತೆಲುಗಿನದ್ದನ್ನೂ ಕನ್ನಡದ್ದನ್ನೂ ಒಟ್ಟಿಗೆ ಇಟ್ಟು ಅದು ಮೂರು ಸುದ್ದಿಯೋ ಒಂದೇ ಸುದ್ದಿಯೋ ಎಂದು ನೋಡೋಣ. ಮುಂದಿನ ಸಲ ಯಾರಾದರೂ ಕಾರು ನಿಲ್ಲಿಸಿ ದಾರಿ ಕೇಳಿ ಮಕ್ಕಳಿಗೆ ಚಾಕಲೇಟ್ ಕೊಟ್ಟರೆ, ನಮ್ಮ ಊರಿನವರು ದಾರಿ ತೋರಿಸಿ ಕಳಿಸಲಿ.